ಬೇಸಿಗೆ ಶಿಬಿರಕ್ಕೆ ಬಂದ ಕುಡುಮಿ: ಮಕ್ಕಳ ಕಾದಂಬರಿ ಬರೆಯುವ ಬಗೆ

ಬೇಸಿಗೆ ಶಿಬಿರಕ್ಕೆ ಬಂದ ಹುಡುಗಿಯೊಬ್ಬಳು ತಾನು ಕುಡುಮಿ, ಅಂದರೆ ಸದಾ ಒಂದೇ ವಿಷಯದ ಹುಚ್ಚು ಹಿಡಿಸಿಕೊಂಡವಳು, ಎಂಬುದನ್ನು ಬಚ್ಚಿಟ್ಟು ಕೊನೆಗೆ ಒಪ್ಪಿಕೊಳ್ಳುವ ಕಾದಂಬರಿ ಬರೆಯಬೇಕೆನ್ನಿ. ಒಂಬತ್ತರಿಂದ ಹನ್ನೆರಡು ವರ್ಷದ ಓದುಗರಿಗೆ 15 ಸಾವಿರ ಪದ ಸಾಕು. ಸಾವಿರ ಪದಕ್ಕೊಂದು ಅಧ್ಯಾಯ. ಶಿಬಿರ ಹತ್ತು ದಿನದ್ದಿರಲಿ, ರಾತ್ರಿ ಅಲ್ಲೇ ಉಳಿಯುವಂಥದ್ದಿರಲಿ. ಮೈಸೂರು ರಂಗಾಯಣದ ಚಿಣ್ಣರ ಮೇಳದಂಥ ಹಗಲಿನ ಶಿಬಿರವಾದರೆ ಹುಡುಗಿ ತನ್ನ ಗುಟ್ಟನ್ನು ದಿನಾ ಮನೆಯಲ್ಲಿಟ್ಟು ಬಂದಾಳು. ಹತ್ತು ಚಾಪೆ ಹಾಸಿದ ಕೋಣೆಯಲ್ಲಿ ಬಚ್ಚಿಡಲು ಜಾಗವೆಲ್ಲಿ?

‘ಓದಿನಲ್ಲಿ ಜಾಣೆ’ ಎಂದಷ್ಟೇ ಬರೆದರೆ ಪಾತ್ರ ಎದ್ದು ನಿಲ್ಲುವುದಿಲ್ಲ. ಒಂದೇ ಒಂದು ಹುಚ್ಚು ಕೊಡಿ. ನಕ್ಷತ್ರ ಎಂದುಕೊಳ್ಳೋಣ. ಆಗ ಆಕಾಶ ತಪ್ಪಬಾರದು. ಮೇ ಮೊದಲ ವಾರ ರಾತ್ರಿ ಒಂಬತ್ತಕ್ಕೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಮೇಲೇರಿರುತ್ತದೆ. ಅದರ ಬಾಲದ ಬಾಗನ್ನೇ ಮುಂದುವರಿಸಿದರೆ ಸ್ವಾತಿ, ಇನ್ನೂ ಮುಂದೆ ಚಿತ್ತಾ. ದಕ್ಷಿಣದಂಚಿನಲ್ಲಿ ಮರ ಅಡ್ಡ ಇಲ್ಲದಿದ್ದರೆ ತ್ರಿಶಂಕು (ಸದರ್ನ್ ಕ್ರಾಸ್). ನಡುರಾತ್ರಿಗೆ ಮಹಾವ್ಯಾಧನನ್ನು (ಓರಿಯನ್ ನಕ್ಷತ್ರಪುಂಜ) ತಂದಿರೋ ಕೆಟ್ಟಿರಿ, ಅವನು ಆ ಹೊತ್ತಿಗೆ ಮುಳುಗಿ ಗಂಟೆಗಳಾಗಿರುತ್ತವೆ. ಇಂಥ ಪುಸ್ತಕ ಹಿಡಿಯುವ ಮಕ್ಕಳು ಇದನ್ನೇ ಮೊದಲು ಹಿಡಿಯುತ್ತಾರೆ.

ಬಚ್ಚಿಡುವುದನ್ನು ಕೆಲಸಗಳಲ್ಲಿ ತೋರಿಸಿ, ‘ಅವಳಿಗೆ ನಾಚಿಕೆಯಾಯಿತು’ ಬೇಡ. ಎರಡನೇ ಅಧ್ಯಾಯದಲ್ಲಿ ನೋಟ್‌ಬುಕ್ ಟ್ರಂಕಿನ ತಳ ಸೇರಲಿ. ನಾಲ್ಕರಲ್ಲಿ ಕ್ವಿಜ್ ನಡೆದಾಗ ಗೊತ್ತಿರುವ ಉತ್ತರವನ್ನು ಬೇಕೆಂದೇ ತಪ್ಪು ಹೇಳಲಿ. ಏಳರಲ್ಲಿ, ಬಸ್ಸಿನ ನಂಬರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಇನ್ನೊಬ್ಬ ಕುಡುಮಿಯನ್ನು ಎಲ್ಲರೂ ರೇಗಿಸುವಾಗ ಇವಳೂ ನಗಲಿ. ಇಡೀ ಕಾದಂಬರಿಯ ಬೆನ್ನುಮೂಳೆ ಆ ನಗು. ಅದಕ್ಕೆ ಪೂರ್ತಿ ಅಧ್ಯಾಯ ಕೊಡಿ. ಶಿಬಿರದ ಅಕ್ಕನ ಕೈಲಿ ಬುದ್ಧಿ ಹೇಳಿಸಿ ಕೆಡಿಸಬೇಡಿ.

ಹೆಚ್ಚಿನ ಹಸ್ತಪ್ರತಿಗಳು ಮುಗ್ಗರಿಸುವುದು ಹನ್ನೆರಡನೇ ಅಧ್ಯಾಯದ ಆಚೀಚೆ. ತಂಡ ಕಾಡಿನಲ್ಲಿ ದಾರಿ ತಪ್ಪುತ್ತದೆ, ಹುಡುಗಿ ನಕ್ಷತ್ರ ನೋಡಿ ಕಾಪಾಡುತ್ತಾಳೆ, ಚಪ್ಪಾಳೆ. ಉಪಯೋಗಕ್ಕೆ ಬಿದ್ದರೆ ಮಾತ್ರ ಕುಡುಮಿಗೆ ಮರ್ಯಾದೆ ಎಂದಾಯಿತಲ್ಲ! ಬಸ್ ನಂಬರಿನ ಹುಡುಗನ ಗತಿಯೇನು? ಬದಲಿಗೆ ಆ ರಾತ್ರಿ ಮೋಡ ಕವಿಯಲಿ; ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆ ಅಪರೂಪವೇನಲ್ಲ. ನಕ್ಷತ್ರ ಕಾಣದೆಯೂ ಅವಳು ನೋಟ್‌ಬುಕ್ ತೆಗೆದು ಆ ಹುಡುಗನಿಗೆ ತೋರಿಸಿದರೆ, ಒಪ್ಪಿಕೊಂಡಳೆಂದು ಬೇರೆ ಹೇಳಬೇಕಿಲ್ಲ.

ಸಂಭಾಷಣೆಯಲ್ಲಿ ಧಾರವಾಡದ ಹುಡುಗ ‘ಏನ್ ಮಾಡಾಕತ್ತಿ’ ಎನ್ನಲಿ, ಮೈಸೂರಿನವಳು ‘ಏನ್ ಮಾಡ್ತಿದೀಯ’ ಎನ್ನಲಿ. ಕರಡು ಮುಗಿದ ಮೇಲೆ ನಾಲ್ಕೈದು ಮಕ್ಕಳಿಗೆ ಓದಿ ಹೇಳಿ. ಅವರು ನೀರು ಕುಡಿಯಲು ಎದ್ದ ಪುಟಗಳಿಗೆ ಗುರುತು ಹಾಕಿಕೊಂಡು ಅಲ್ಲಿ ಕತ್ತರಿ ಆಡಿಸಿ.