ಮೂರು ಪ್ರತಿ, ನಲವತ್ತು ಜನ: ಕೂಡು ಓದಿನ ನನ್ನ ಅನುಭವ

"ಆನ್‌ಲೈನಲ್ಲಿ ಜನ ಹರಟೆ ಹೊಡೀತಾರೆ ಮೇಡಂ, ಓದೋದಿಲ್ಲ." ಎಲ್ಲರೂ ಒಂದೇ ಇ-ಪುಸ್ತಕವನ್ನು ಒಂದೇ ಹೊತ್ತಿಗೆ ಓದಿ ಆನ್‌ಲೈನಲ್ಲಿ ಚರ್ಚಿಸುವ ಕೂಡು ಓದು ನಡೆಸೋಣ ಅಂದಾಗ ನಮ್ಮ ಲೈಬ್ರರಿ ಸಮಿತಿಯ ಹಿರಿಯರೊಬ್ಬರು ಹೇಳಿದ ಮಾತು ಇದು. ಎರಡು ವರ್ಷ ಅವರ ಮಾತೇ ಗೆದ್ದಿತು. ಮೂರನೇ ಸಲ ಸುಮಾರು 150 ಜನ ಒಂದೇ ಪುಸ್ತಕವನ್ನು ನಾಲ್ಕು ವಾರದಲ್ಲಿ ಓದಿ ಮುಗಿಸಿದರು. ಇನ್ನು ನಾನು ಸ್ವಲ್ಪ ಬೀಗಿದರೆ ತಪ್ಪಿಲ್ಲ, ಅಲ್ವಾ?

ಇ-ಪುಸ್ತಕ ಎರವಲು ಕೊಡಬೇಕಾದರೆ ಲೈಬ್ರರಿ ಅದರ ಲೈಸೆನ್ಸ್, ಅಂದರೆ ಎರವಲು ಕೊಡುವ ಅನುಮತಿ, ಕೊಳ್ಳಬೇಕು. ಸೀದಾ ಸೋತ ಕಥೆಗೆ ಬರುತ್ತೇನೆ.

ಮೊದಲ ಸಲ ಒಂದು ಹೊಸ ಕಾದಂಬರಿಗೆ 3 ಲೈಸೆನ್ಸ್ ಕೊಂಡೆ. ಒಂದೊಂದಕ್ಕೂ ಅಂಗಡಿ ಬೆಲೆಯ ಮೂರು ಪಟ್ಟಿಗಿಂತ ಜಾಸ್ತಿಯೇ ಬಿತ್ತು. ಹೆಸರು ಕೊಟ್ಟವರು 40 ಜನ. ಒಂದು ಲೈಸೆನ್ಸಿಗೆ ಒಂದು ಹೊತ್ತಿಗೆ ಒಬ್ಬರೇ, ಅವಧಿ 21 ದಿನ. ಲೆಕ್ಕ ಹಾಕಿ ನೋಡಿದೆ. ಎಲ್ಲರೂ ಪೂರ್ತಿ ಅವಧಿ ಇಟ್ಟುಕೊಂಡರೆ ಕೊನೆಯವರ ಸರದಿ ಬರಲು 273 ದಿನ. ಒಂಬತ್ತು ತಿಂಗಳು ಕಾದು ಓದುವುದಕ್ಕೆ ಕೂಡು ಓದು ಅಂತ ಹೇಗೆ ಕರೆಯುವುದು?

ಆಗ ಒಂದು ಜಾಣತನ ಮಾಡಿದೆ. ಅವಧಿಯನ್ನು 7 ದಿನಕ್ಕೆ ಇಳಿಸಿದೆ. ಸಾಲು ಬೇಗ ಬೇಗ ಸರಿಯಿತು, ನಾನೂ ಖುಷಿಪಟ್ಟೆ. ಆದರೆ ಆ ಲೈಸೆನ್ಸ್ 26 ಎರವಲಿಗೆ ಮುಗಿಯುವಂಥದ್ದು. ವಾರದಲ್ಲಿ ಎಂಬತ್ತು ಪುಟ ಓದಿದವರು ಮತ್ತೆ ಸಾಲಿಗೆ ಬಂದರು, ಕೆಲವರು ಮೂರನೇ ಸಲವೂ ಬಂದರು. ಬಂದಾಗಲೆಲ್ಲ ಒಂದು ಎರವಲು ಖರ್ಚು. ಹೀಗೆ ಮೂರೂ ಲೈಸೆನ್ಸಿನ 78 ಎರವಲು ಸುಮಾರು ಆರು ತಿಂಗಳಲ್ಲಿ ಖಾಲಿ. ಒಂದು ಬೆಳಗ್ಗೆ ನೋಡಿದರೆ ಕ್ಯಾಟಲಾಗಿನಲ್ಲಿ ಮುಖಪುಟ ಹಾಗೇ ಇದೆ, ಎರವಲು ಬಟನ್ ಮಾತ್ರ ಇಲ್ಲ. ಮಾರನೇ ದಿನ ಚರ್ಚೆ. ಒಬ್ಬರು ಫೋನ್ ಮಾಡಿ, "ಮೇಡಂ, ಹನ್ನೊಂದನೇ ಅಧ್ಯಾಯದಲ್ಲಿದ್ದೆ, ನನ್ನ ಸರದಿ ಮತ್ತೆ ಯಾವಾಗ?" ಅಂತ ಕೇಳಿದರು. ಏನಂತ ಹೇಳಲಿ? ಪೂರ್ತಿ ಓದಿದವರು 9 ಜನ. ಸಮಿತಿಯಲ್ಲಿ ನನಗೆ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ.

ಎರಡನೇ ವರ್ಷ ದುಡ್ಡೇ ಬೇಡ ಅಂತ ಕಾಪಿರೈಟ್ ಮುಗಿದ ಪುಸ್ತಕ ಹಿಡಿದೆ. ಎಷ್ಟು ಜನ ಬೇಕಾದರೂ ಇಳಿಸಿಕೊಳ್ಳಬಹುದು, ಸಾಲೇ ಇಲ್ಲ. 110 ಜನ ಸೇರಿದರು. ಅದು ಐನೂರು ಪುಟದ ಪುಸ್ತಕ, ಮೇಲಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್. ಮೊಬೈಲಿನಲ್ಲಿ ಪ್ರತಿ ಸಾಲನ್ನೂ ಎಳೆದು ಎಳೆದು ಓದಬೇಕು. ಕಣ್ಣು ಕಾಣದ ಸದಸ್ಯರೊಬ್ಬರಿದ್ದರು. ಅವರ ಫೋನಿನ ಓದಿ ಹೇಳುವ ತಂತ್ರಾಂಶಕ್ಕೆ ಆ ಪುಟಗಳು ಬರೀ ಚಿತ್ರ, ಒಂದಕ್ಷರವೂ ಕೇಳಿಸಲಿಲ್ಲ. ಪರದೆಗೆ ತಕ್ಕಂತೆ ಅಕ್ಷರ ಹೊಂದಿಕೊಳ್ಳುವ ಇ-ಪುಸ್ತಕದ ರೂಪವಾದ ಈಪಬ್ ಅಲ್ಲದ್ದನ್ನು ಮುಟ್ಟಬಾರದು ಅಂತ ಅವತ್ತೇ ತೀರ್ಮಾನಿಸಿದೆ. ಆರನೇ ಅಧ್ಯಾಯದ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಉಳಿದದ್ದು ಶುಭೋದಯದ ಚಿತ್ರಗಳು. ಹಿರಿಯರ ಮಾತು ನಿಜವಾದದ್ದು ಇಲ್ಲೇ. ವಾಟ್ಸಾಪಿನಲ್ಲಿ ನಂಬರು ಎಲ್ಲರಿಗೂ ಕಾಣುತ್ತದೆ ಅಂತ ದೂರೂ ಬಂತು. ಅದು ನ್ಯಾಯವಾದ ದೂರು.

ಮೂರನೇ ಸಲ ಕೇಳಿದ್ದು ಏಕಕಾಲದ ಲೈಸೆನ್ಸ್. ಗೊತ್ತು ಮಾಡಿದಷ್ಟು ದಿನ ಎಷ್ಟು ಜನ ಬೇಕಾದರೂ ಒಟ್ಟಿಗೇ ಓದಬಹುದು, ಕಾಯುವ ಮಾತಿಲ್ಲ. ಎಲ್ಲ ಪ್ರಕಾಶಕರೂ ಕೊಡುವುದಿಲ್ಲ. ನಮಗೆ ಕೊಟ್ಟವರು ಏನು ಕೇಳಿ ಒಪ್ಪಿದರು ಅನ್ನುವುದನ್ನು ನಾನು ಹೇಳುವುದಿಲ್ಲ. ಮುಂದಿನ ವರ್ಷವೂ ಅವರ ಹತ್ತಿರವೇ ಹೋಗಬೇಕು! ಖರ್ಚು ಮೊದಲ ಸಲದ ಹತ್ತಿರ ಹತ್ತಿರ ಎರಡರಷ್ಟು. ಸಮಿತಿ ಹೌಹಾರಿತು. ಊರೆಲ್ಲ ಒಂದೇ ಪುಸ್ತಕ ಓದುವ ಯೋಜನೆಯನ್ನು ಅಮೆರಿಕದ ಸಿಯಾಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ 1998ರಲ್ಲೇ ಶುರು ಮಾಡಿದ್ದರು ಅಂತ ಹೇಳಿದೆ, ಯಾರೂ ಅಲುಗಲಿಲ್ಲ. "ಓದುಗರ ಸಮಯ ಉಳಿಸಿ" ಅನ್ನುವ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದನ್ನು ಹೇಳಿದಾಗ ಮಾತ್ರ ಒಂದಿಬ್ಬರು ತಲೆಯಾಡಿಸಿದರು. ಮುಗಿದ ಮೇಲೆ ಲೆಕ್ಕ ಹಾಕಿದರೆ, ಪೂರ್ತಿ ಓದಿದ ಒಬ್ಬರಿಗೆ ಬಿದ್ದ ಖರ್ಚು ಮೊದಲ ಸಲದ ಎಂಟನೇ ಒಂದು ಪಾಲು. ಆ ಕಾಗದವನ್ನು ಸಮಿತಿಯ ಮೇಜಿನ ಮೇಲಿಟ್ಟು ಸುಮ್ನೆ ಕೂತೆ.

ಬರೀ ಲೈಸೆನ್ಸಿನಿಂದ ಗೆದ್ದೆ ಅಂದುಕೊಳ್ಳಬೇಡಿ. ಪುಸ್ತಕ ಇನ್ನೂರು ಪುಟದ ಒಳಗಿತ್ತು. ಮೊದಲ ದಿನ "84ನೇ ಪುಟ ನೋಡಿ" ಅಂದೆ. ಒಬ್ಬರಿಗೆ ಅದು 84, ಅಕ್ಷರ ದೊಡ್ಡದು ಮಾಡಿಕೊಂಡ ಅಜ್ಜಿಗೆ 131. ಅರ್ಧ ಗಂಟೆ ಹುಡುಕಾಟವೇ ಆಯಿತು. ಆಮೇಲೆ ಅಧ್ಯಾಯದ ಸಂಖ್ಯೆ, ಪ್ಯಾರಾದ ಮೊದಲ ಎರಡು ಪದ. ಇಷ್ಟು ಹೇಳಿದರೆ ಎಲ್ಲರೂ ಅಲ್ಲಿರುತ್ತಾರೆ. ಎರಡೇ ದಿನದಲ್ಲಿ ಮುಗಿಸಿ ಕೊನೆ ಹೇಳಿಬಿಡುವವರೂ ಇರುತ್ತಾರಲ್ಲ, ಅವರಿಗಾಗಿ ಆನ್‌ಲೈನಲ್ಲೇ ವಾರಕ್ಕೊಂದು ಬೇರೆ ಚರ್ಚಾ ಕೋಣೆ ಮಾಡಿದೆ. ಮುಂದಿನ ಕೋಣೆಯ ಬಾಗಿಲು ಸೋಮವಾರವೇ ತೆರೆಯುವುದು. ಬೆಳಗ್ಗೆ ಒಂದೇ ಒಂದು ಪ್ರಶ್ನೆ ಹಾಕುತ್ತಿದ್ದೆ. ಆ ಪ್ರಶ್ನೆಯನ್ನು ಹೇಗೆ ಆರಿಸುತ್ತೇನೆ ಅನ್ನುವುದು ನನ್ನ ಗುಟ್ಟು. "ನಿಮಗೆ ಇಷ್ಟವಾದ ಪಾತ್ರ ಯಾವುದು" ಅಂತ ಕೇಳಿದರೆ ಮಾತ್ರ ಯಾರೂ ಉತ್ತರಿಸುವುದಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ರಾತ್ರಿ ಒಂಬತ್ತಕ್ಕೆ ವಿಡಿಯೋ ಕರೆ, ಕ್ಯಾಮೆರಾ ಬಂದ್, ಮೈಕ್ ಬಂದ್, 25 ನಿಮಿಷ ಎಲ್ಲರೂ ಅವರವರ ಪಾಡಿಗೆ ಓದುವುದು. ಯಾರು ಬರುತ್ತಾರೆ ಅಂದುಕೊಂಡಿದ್ದೆ. ದಿನಾ ಇಪ್ಪತ್ತು, ಇಪ್ಪತ್ತೈದು ಜನ ಇರುತ್ತಿದ್ದರು. ಒಂದಿನ ಯಾರದೋ ಮೈಕ್ ಬಂದ್ ಆಗಿರಲಿಲ್ಲ. ಸೀಲಿಂಗ್ ಫ್ಯಾನಿನ ಕಿರ್ ಕಿರ್, ನಡುನಡುವೆ ಅವರು ಪಿಸುಗುಟ್ಟಿಕೊಂಡು ಓದುವ ಸದ್ದು. ಮೈಕ್ ಮುಚ್ಚಲು ಬೆರಳು ಹೋದದ್ದು ಹಾಗೇ ನಿಂತಿತು. ಅವತ್ತು ಯಾರೂ ದೂರು ಹೇಳಲಿಲ್ಲ.

ಆಡಿಯೋ ಪುಸ್ತಕವನ್ನು ಜೊತೆಗೆ ಕೊಟ್ಟು ನೋಡಿದ್ದು ಮಾತ್ರ ಕೈಕೊಟ್ಟಿತು. ಕೇಳುವವರು ಒಂದು ಕಡೆ, ಓದುವವರು ಇನ್ನೊಂದು ಕಡೆ ಆಗಿ ಹೋದರು. ಮುಂದಿನ ಸಲ ಅದನ್ನು ಕೊನೆಯ ವಾರ ಮಾತ್ರ ಕೊಡುತ್ತೇನೆ.