ಕ್ಲಸ್ಟರ್‌ನಲ್ಲಿ ಶೇರ್ ಫೋಲ್ಡರ್ ಏಳುತ್ತಿಲ್ಲವೇ? ಬುಡದಿಂದ ನೋಡಿ

ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್‌ನಲ್ಲಿ (ಒಂದು ಸರ್ವರ್ ಬಿದ್ದರೆ ಇನ್ನೊಂದು ಅದರ ಕೆಲಸ ವಹಿಸಿಕೊಳ್ಳುವ ಸರ್ವರ್ ಗುಂಪಿನಲ್ಲಿ) ಫೈಲ್ ಸರ್ವರ್ 'ಫೇಲ್ಡ್' ಎಂದು ಕೆಂಪಾದ ಕೂಡಲೇ ಬಹಳ ಮಂದಿ ಮಾಡುವುದು ಒಂದೇ: 'ಬ್ರಿಂಗ್ ಆನ್‌ಲೈನ್' ಒತ್ತುವುದು, ಮತ್ತೆ ಒತ್ತುವುದು, ಕೊನೆಗೆ ರೋಲ್ (ಕ್ಲಸ್ಟರ್ ನಡೆಸುವ ಸೇವೆ, ಇಲ್ಲಿ ಫೈಲ್ ಸರ್ವರ್) ಅಳಿಸಿ ಹೊಸದಾಗಿ ಕಟ್ಟುವುದು. ರೋಲ್ ಅಳಿಸಿದರೆ ಶೇರ್‌ಗಳ ಪಟ್ಟಿಯೂ ಅವುಗಳ ಅನುಮತಿಗಳೂ ಹೋಗುತ್ತವೆ. ಆ ದಾರಿ ಬೇಡ.

ಮೊದಲು ಜಿಗಿದಾಟ ನಿಲ್ಲಿಸಿ. ರೋಲ್‌ನ ಒಂದೊಂದು ಭಾಗವೂ (ಡಿಸ್ಕ್, ಐಪಿ, ಹೆಸರು, ಫೈಲ್ ಸರ್ವರ್) ಒಂದು ರಿಸೋರ್ಸ್. ಫೈಲ್ ಸರ್ವರ್ ರಿಸೋರ್ಸ್‌ನ ಪ್ರಾಪರ್ಟೀಸ್‌ನಲ್ಲಿ ಪಾಲಿಸೀಸ್ ತೆರೆದು, ವಿಫಲವಾದರೆ ರೀಸ್ಟಾರ್ಟ್ ಮಾಡಬೇಡ ಎಂಬ ಆಯ್ಕೆ ಗುರುತು ಹಾಕಿ. ಇಲ್ಲವಾದರೆ ನೀವು ಒಂದು ನೋಡ್‌ನಲ್ಲಿ (ಕ್ಲಸ್ಟರ್‌ನ ಒಂದು ಸರ್ವರ್‌ನಲ್ಲಿ) ಹುಡುಕುತ್ತಿರುವಾಗ ರೋಲ್ ಇನ್ನೊಂದಕ್ಕೆ ಹೋಗಿ ಕೂತಿರುತ್ತದೆ.

ಮುಂದೆ ಎರರ್ ಸಂಖ್ಯೆ ಹಿಡಿಯಿರಿ. 1069 ಎಂಬ ಈವೆಂಟ್ (ಲಾಗ್‌ನಲ್ಲಿನ ದಾಖಲೆ) ಯಾವ ರಿಸೋರ್ಸ್ ಬಿತ್ತು ಎಂದು ಹೇಳುತ್ತದೆ, ಯಾವ ಶೇರ್ ಎಂದು ಹೇಳುವುದಿಲ್ಲ. ಸಿಸ್ಟಮ್ ಲಾಗ್‌ನಲ್ಲಿ 1588 ಹುಡುಕಿ. ಯಾವ ಶೇರ್, ಯಾವ ನೆಟ್‌ವರ್ಕ್ ನೇಮ್ (ಜನ ಶೇರ್ ತೆರೆಯಲು ಬಳಸುವ ಸರ್ವರ್ ಹೆಸರು), ಯಾವ ಎರರ್ ಕೋಡ್ ಎಂಬುದು ಅದರಲ್ಲಿರುತ್ತದೆ. ಕೋಡ್ 2 ಅಥವಾ 3 ಎಂದರೆ ಫೋಲ್ಡರ್ ಸಿಗುತ್ತಿಲ್ಲ. 5 ಎಂದರೆ ಅನುಮತಿ ಇಲ್ಲ. ಬೇರೆ ಸಂಖ್ಯೆ ಬಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'net helpmsg' ಆದೇಶಕ್ಕೆ ಆ ಸಂಖ್ಯೆ ಕೊಡಿ. ಇಷ್ಟೂ ಸಾಲದಿದ್ದರೆ ಪವರ್‌ಶೆಲ್‌ನ ಗೆಟ್-ಕ್ಲಸ್ಟರ್‌ಲಾಗ್ ಇದೆ. ಟೈಮ್‌ಸ್ಪ್ಯಾನ್ 15 ಕೊಟ್ಟರೆ ಕಳೆದ 15 ನಿಮಿಷದ್ದು ಮಾತ್ರ ಬರುತ್ತದೆ. ಯೂಸ್‌ಲೋಕಲ್‌ಟೈಮ್ ಮರೆಯಬೇಡಿ. ಅದಿಲ್ಲದಿದ್ದರೆ ಲಾಗ್ ಗ್ರೀನಿಚ್ ಸಮಯದಲ್ಲಿರುತ್ತದೆ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿನ ಸಾಲುಗಳಲ್ಲಿ ತಡಕಾಡಬೇಕಾಗುತ್ತದೆ.

ಐಪಿ ವಿಳಾಸ ಮತ್ತು ನೆಟ್‌ವರ್ಕ್ ನೇಮ್ ಆನ್‌ಲೈನ್ ಇವೆಯೇ? ನೇಮ್ ಬಿದ್ದು 1194 ಅಥವಾ 1207 ಕಂಡರೆ ತೊಂದರೆ ಆಕ್ಟಿವ್ ಡೈರೆಕ್ಟರಿಯದು (ಡೊಮೇನ್‌ನ ಖಾತೆಗಳನ್ನೆಲ್ಲ ಇಡುವ ಕೋಶ). ಹೆಚ್ಚಾಗಿ ಯಾರೋ ಅಲ್ಲಿನ ಕಂಪ್ಯೂಟರ್ ಖಾತೆಯನ್ನು 'ಹಳೆಯದು' ಎಂದು ಅಳಿಸಿರುತ್ತಾರೆ ಅಥವಾ ಡಿಸೇಬಲ್ ಮಾಡಿರುತ್ತಾರೆ. ಡೊಮೇನ್ ನೋಡಿಕೊಳ್ಳುವವರಿಂದ ಅದನ್ನು ವಾಪಸ್ ತರಿಸಿ, ನೇಮ್ ಮೇಲೆ 'ರಿಪೇರ್' ಒತ್ತಿ.

ಈಗ ನಿಜವಾಗಿ ಎಡವುವ ಜಾಗ: ಕೋಡ್ 2 ಮತ್ತು 3. 'ಫೋಲ್ಡರ್ ಇಲ್ಲ ತಾನೇ, ಅದೇ ಹೆಸರಲ್ಲಿ ಹೊಸದು ಮಾಡಿಬಿಡೋಣ' ಎಂದು ಕೈ ಹಾಕುವ ಮುನ್ನ ಡಿಸ್ಕ್ ಇದೆಯೇ ನೋಡಿ. ಶೇರ್ ಇರುವುದು ಎರಡನೇ ಡಿಸ್ಕ್‌ನಲ್ಲಾಗಿ, ಫೈಲ್ ಸರ್ವರ್‌ನ ಡಿಪೆಂಡೆನ್ಸೀಸ್‌ನಲ್ಲಿ (ಅದಕ್ಕಿಂತ ಮೊದಲು ಏಳಬೇಕಾದವುಗಳ ಪಟ್ಟಿಯಲ್ಲಿ) ಮೊದಲನೆಯದು ಮಾತ್ರ ಇದ್ದರೆ, ಎರಡನೆಯದು ಏಳುವ ಮೊದಲೇ ಶೇರ್ ಏಳಲು ಹೋಗಿ ಬೀಳುತ್ತದೆ. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಎಂಬ ದೂರಿದ್ದರೆ ಮೊದಲು ಇದನ್ನೇ ಅನುಮಾನಿಸಿ. ರಿಸೋರ್ಸ್ ಆಫ್‌ಲೈನ್ ಮಾಡಿ, ಆ ಡಿಸ್ಕನ್ನೂ ಸೇರಿಸಿ. ನಡುವೆ 'ಆಂಡ್' ಇರಲಿ. ಬೇರೆ ಬೇರೆ ಸಬ್‌ನೆಟ್‌ಗಳ ಐಪಿಗಳಿಗೆ ಹಾಕುವ 'ಆರ್' ಅನ್ನು ಡಿಸ್ಕ್‌ಗೂ ಹಾಕಿದರೆ, ಯಾವುದೋ ಒಂದು ಎದ್ದರೂ ಸಾಕೆಂದು ಫೈಲ್ ಸರ್ವರ್ ಓಡುತ್ತದೆ. ಡಿಸ್ಕ್ ಅದೇ ರೋಲ್‌ನಲ್ಲಿ ಇರಬೇಕು, ಇಲ್ಲವಾದರೆ ಪಟ್ಟಿಯಲ್ಲೇ ಕಾಣುವುದಿಲ್ಲ.

ಮೌಂಟ್ ಪಾಯಿಂಟ್ (ಒಂದು ಡಿಸ್ಕನ್ನು ಇನ್ನೊಂದು ಡಿಸ್ಕ್‌ನ ಖಾಲಿ ಫೋಲ್ಡರ್‌ಗೆ ಜೋಡಿಸುವುದು) ಇದ್ದರೆ ಇನ್ನೂ ಎಚ್ಚರ. ಮೌಂಟ್ ಆದ ಡಿಸ್ಕ್ ತನ್ನನ್ನು ಹೊತ್ತ ಡಿಸ್ಕ್ ಮೇಲೆ ಅವಲಂಬಿಸಬೇಕು, ಫೈಲ್ ಸರ್ವರ್ ಎರಡರ ಮೇಲೂ. ಮೌಂಟ್ ಕಳಚಿ ಬರೀ ಖಾಲಿ ಫೋಲ್ಡರ್ ಉಳಿದಾಗ ಅದರೊಳಗೆ ಹೊಸ ಫೋಲ್ಡರ್ ಮಾಡಿ ಶೇರ್ ಎಬ್ಬಿಸಿದಿರೋ, ಜನ ಅಲ್ಲಿಗೇ ಫೈಲ್ ತುಂಬುತ್ತಾರೆ. ನಾಳೆ ನಿಜವಾದ ಡಿಸ್ಕ್ ಮೌಂಟ್ ಆದಾಗ ಆ ಫೈಲ್‌ಗಳೆಲ್ಲ ಅದರ ಅಡಿಯಲ್ಲಿ ಮರೆಯಾಗುತ್ತವೆ. ಡಿಸ್ಕ್ 'ಆನ್‌ಲೈನ್ ಪೆಂಡಿಂಗ್' ಎಂದು ನಿಂತಿದ್ದರೆ ಚೆಕ್‌ಡಿಸ್ಕ್ (ಡಿಸ್ಕ್‌ನ ದೋಷ ತಪಾಸಣೆ) ಓಡುತ್ತಿರಬಹುದು. ಕ್ಲಸ್ಟರ್‌ನ ರಿಪೋರ್ಟ್ಸ್ ಫೋಲ್ಡರ್‌ನಲ್ಲಿ ಅದರ ಲಾಗ್ ಇರುತ್ತದೆ. ಮುಗಿಯುವವರೆಗೆ ಕಾಯಿರಿ, ಸರ್ವರ್ ರೀಬೂಟ್ ಮಾಡಬೇಡಿ.

ಡಿಸ್ಕ್ ಸರಿಯಿದ್ದೂ ಫೋಲ್ಡರ್ ಇಲ್ಲದಿದ್ದರೆ, ಯಾರೋ ಶೇರ್ ತೆಗೆಯದೆ ಎಕ್ಸ್‌ಪ್ಲೋರರ್‌ನಿಂದ ನೇರ ಅಳಿಸಿದ್ದಾರೆ ಎಂದರ್ಥ. ಡೇಟಾ ಬೇಕಿದ್ದರೆ ಬ್ಯಾಕಪ್‌ನಿಂದ ತನ್ನಿ. ಬೇಡವಾದರೆ ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿ, ರೋಲ್ ಎಬ್ಬಿಸಿ, ಆಮೇಲೆ ಕ್ಲಸ್ಟರ್ ಮ್ಯಾನೇಜರ್‌ನಿಂದ ಆ ಶೇರ್ ತೆಗೆಯಿರಿ.

ಕೋಡ್ 5 ಸುಲಭ. ವಿಂಡೋಸ್ ಸರ್ವರ್ 2008ರ ಆವೃತ್ತಿಯಿಂದ ಈಚೆಗೆ ಕ್ಲಸ್ಟರ್ ಸರ್ವಿಸ್ ಓಡುವುದು ಲೋಕಲ್ ಸಿಸ್ಟಮ್ ಖಾತೆಯಲ್ಲಿ. ಭದ್ರತೆ ಬಿಗಿ ಮಾಡುವ ಉತ್ಸಾಹದಲ್ಲಿ ಫೋಲ್ಡರ್‌ನ ಸೆಕ್ಯೂರಿಟಿ ಪಟ್ಟಿಯಿಂದ 'ಸಿಸ್ಟಮ್' ಕಿತ್ತಿದ್ದರೆ ವಾಪಸ್ ಹಾಕಿ. ಲಕ್ಷಾಂತರ ಫೈಲ್ ಇದ್ದರೆ ಸದ್ಯಕ್ಕೆ 'ಈ ಫೋಲ್ಡರ್‌ಗೆ ಮಾತ್ರ' ಎಂದಿರಲಿ, ಇಲ್ಲವಾದರೆ ಅನುಮತಿ ಹರಡುವುದಕ್ಕೇ ಗಂಟೆಗಳು ಹಿಡಿಯುತ್ತವೆ. 'ಎವ್ರಿಒನ್'ಗೆ ಫುಲ್ ಕಂಟ್ರೋಲ್ ಕೊಡುವುದು ಪರಿಹಾರವಲ್ಲ, ಸೋಮಾರಿತನ. ಅನುಮತಿಯೂ ಸರಿಯಿದ್ದರೆ ಆಂಟಿವೈರಸ್ ಮೇಲೆ ಕಣ್ಣಿಡಿ. ಕ್ಲಸ್ಟರ್ ಗೊತ್ತಿಲ್ಲದ ಅಗ್ಗದ ಆವೃತ್ತಿಗಳನ್ನು ಇಂಥ ಸರ್ವರ್‌ಗೆ ಹಾಕಲೇಬಾರದು.

ಪರೀಕ್ಷೆ ಮಾಡುವಾಗ ಬೇರೊಂದು ಕಂಪ್ಯೂಟರ್‌ನಿಂದ, ಫೈಲ್ ಸರ್ವರ್ ರೋಲ್‌ನ ಹೆಸರಿನಲ್ಲೇ ಶೇರ್ ತೆರೆಯಿರಿ. ಶೇರ್ ಆ ಹೆಸರಿಗೇ ಕಟ್ಟಿಕೊಂಡಿರುವುದರಿಂದ ನೋಡ್‌ನ ಹೆಸರಲ್ಲಿ ಹುಡುಕಿದರೆ ಕಾಣುವುದಿಲ್ಲ. ಹಾಗೆ ಹುಡುಕಿ, ಸರಿಯಾಗಿರುವುದನ್ನೇ ಮತ್ತೆ ಕೆಡಿಸಿದವರಿದ್ದಾರೆ. ಬಳಿಕ ರೋಲನ್ನು ಪ್ರತಿ ನೋಡ್‌ಗೂ ಒಮ್ಮೆ ಸರಿಸಿ ನೋಡಿ. ಎಲ್ಲ ಕಡೆ ಎದ್ದರೆ, ಮೊದಲು ಬದಲಿಸಿದ ಪಾಲಿಸೀಸ್ ಆಯ್ಕೆಯನ್ನು ಮೊದಲಿದ್ದಂತೆಯೇ ಇಡಿ.