ಗಡಿಯಾರ ಬಿಡಿ, ಉಸಿರು ಹಿಡಿಯಬೇಡಿ: ಕೋರ್ ಗಟ್ಟಿ ಮಾಡುವುದು ಹೀಗೆ

ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರವಾಗಿ ಹಿಡಿದು ನಿಲ್ಲುವ ವ್ಯಾಯಾಮ, ಮಾಡುವವರನ್ನು ಒಮ್ಮೆ ಗಮನಿಸಿ ನೋಡಿ. ಮುಖ ಕೆಂಪಾಗಿರುತ್ತದೆ, ಸೊಂಟ ಜೋತು ಬಿದ್ದಿರುತ್ತದೆ, ಉಸಿರು ಕಟ್ಟಿರುತ್ತದೆ. ಕಣ್ಣು ಮಾತ್ರ ಗಡಿಯಾರದ ಮೇಲೆ. ಮೂರು ನಿಮಿಷ ನಿಂತೆ ಅಂತ ಖುಷಿಪಡುವ ಅದೇ ಹುಡುಗ ಓಡಲು ಶುರು ಮಾಡಿದರೆ, ಹೆಜ್ಜೆ ಹೆಜ್ಜೆಗೂ ಸೊಂಟ ಒಂದು ಕಡೆ ಕುಸಿಯುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

ಕೋರ್ ಅಂದರೆ ಸಿಕ್ಸ್ ಪ್ಯಾಕ್ ಒಂದೇ ಅಲ್ಲ. ಹೊಟ್ಟೆಯನ್ನು ಒಳಗಿನಿಂದ ಸುತ್ತಿಕೊಂಡಿರುವ ಟ್ರಾನ್ಸ್‌ವರ್ಸಸ್, ಬೆನ್ನುಮೂಳೆಯ ಪಕ್ಕದ ಮಲ್ಟಿಫಿಡಸ್, ಮೇಲಿನ ವಪೆ (ಡಯಾಫ್ರಮ್), ತಳದ ಪೆಲ್ವಿಕ್ ಫ್ಲೋರ್, ಈ ಸ್ನಾಯುಗಳೆಲ್ಲವೂ ಸೇರಿ ಕೋರ್. ಜಾವೆಲಿನ್ ಎಸೆಯುವವರ ಬಲದ ದೊಡ್ಡ ಪಾಲು ಹುಟ್ಟುವುದು ಕಾಲಿನಲ್ಲಿ. ಅದು ನಡುವನ್ನು ದಾಟಿಯೇ ಭುಜಕ್ಕೆ ಹೋಗಬೇಕು. ನಡು ಸಡಿಲವಾಗಿದ್ದರೆ ಬಲ ಅಲ್ಲೇ ಸೋರಿಹೋಗುತ್ತದೆ. ಇನ್ನೊಂದು ವಿಷಯ: ಬೆನ್ನುನೋವು ಇಲ್ಲದವರಲ್ಲಿ ಕೈ ಅಲುಗುವ ಮೊದಲೇ ಟ್ರಾನ್ಸ್‌ವರ್ಸಸ್ ಬಿಗಿಯಾಗುತ್ತದೆ, ಬೆನ್ನುನೋವು ಇರುವವರಲ್ಲಿ ಅದು ತಡವಾಗುತ್ತದೆ ಎಂದು ಸಂಶೋಧಕರಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ 1996ರಲ್ಲೇ ತೋರಿಸಿದ್ದಾರೆ. ಅಂದರೆ ಬರೀ ಶಕ್ತಿ ಸಾಲದು, ಸಮಯಕ್ಕೆ ಸರಿಯಾಗಿ ಬಿಗಿಯಾಗುವುದೂ ಮುಖ್ಯ.

ಹಂತ 1: ಬಿಗಿ ಹಿಡಿದು ಉಸಿರಾಡುವುದು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಮೊದಲ ವಾರ ಪೂರ್ತಿ ಇದಕ್ಕೇ ಕೊಡಿ.

ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲದ ಮೇಲಿಡಿ. ಎರಡೂ ಕೈಯಿಂದ ಸೊಂಟದ ಪಕ್ಕೆಗಳನ್ನು ಹಿಡಿದುಕೊಳ್ಳಿ. ಹೆಬ್ಬೆರಳು ಬೆನ್ನಿನ ಕಡೆ, ಉಳಿದ ಬೆರಳು ಹೊಟ್ಟೆಯ ಕಡೆ ಇರಲಿ. ಈಗ ಮೂಗಿನಿಂದ ಉಸಿರು ಎಳೆದುಕೊಳ್ಳಿ. ಎದೆ ಮೇಲೇರಿ ಭುಜ ಕಿವಿಯ ಕಡೆ ಬಂದರೆ ತಪ್ಪು. ಉಸಿರು ಪಕ್ಕೆಗೂ ಬೆನ್ನಿಗೂ ಇಳಿದು ಬೆರಳುಗಳನ್ನು ಹೊರಗೆ ತಳ್ಳಬೇಕು. ಬಾಯಿಂದ ನಿಧಾನವಾಗಿ ಉಸಿರು ಬಿಡಿ, ಪಕ್ಕೆಲುಬು ಕೆಳಗಿಳಿಯಲಿ.

ಇನ್ನು ಬಿಗಿ ಹಿಡಿಯುವುದು. ಯಾರೋ ಹೊಟ್ಟೆಗೆ ಗುದ್ದಲು ಬಂದರೆ ಹೇಗೆ ಗಟ್ಟಿ ಮಾಡಿಕೊಳ್ಳುತ್ತೀರೋ ಹಾಗೆ. ಹೊಕ್ಕುಳನ್ನು ಒಳಗೆ ಎಳೆದುಕೊಳ್ಳಬೇಡಿ. ಎಳೆದರೆ ನಡು ಸಣ್ಣಗೆ ಕಾಣಬಹುದು, ಆದರೆ ಭಾರ ಎತ್ತುವಾಗ ಬೆನ್ನಿಗೆ ಬೇಕಾದ ಆಸರೆ ಸಿಗುವುದಿಲ್ಲ. ಪೂರ್ತಿ ಬಲ ಹಾಕುವುದೂ ಬೇಡ, ಕಾಲು ಭಾಗ ಸಾಕು. ಬೆರಳ ಕೆಳಗೆ ಸುತ್ತಲೂ ಒಂದೇ ಸಮ ಗಟ್ಟಿ ಅನ್ನಿಸಬೇಕು. ಆ ಬಿಗಿ ಸಡಿಲವಾಗದಂತೆ ಐದು ಸಲ ಉಸಿರಾಡಿ. ಪರೀಕ್ಷೆ ಸುಲಭ: ಒಂದರಿಂದ ಹತ್ತರವರೆಗೆ ಜೋರಾಗಿ ಎಣಿಸಿ. ಮಾತು ತಡವರಿಸಿದರೆ ಉಸಿರು ಕಟ್ಟಿದ್ದೀರಿ. ಎಣಿಸುವಾಗ ಹೊಟ್ಟೆ ಮೆತ್ತಗಾದರೆ ಬಿಗಿ ಬಿಟ್ಟಿದ್ದೀರಿ. ಎರಡೂ ಆಗದೆ ಹತ್ತು ಮುಗಿಯುವವರೆಗೆ ಮುಂದಿನ ಹಂತ ಮುಟ್ಟಬೇಡಿ.

ಅಂದಹಾಗೆ, ಹೊಟ್ಟೆಗೆ ಕಟ್ಟಿಕೊಳ್ಳುವ ಬೆವರಿನ ಬೆಲ್ಟಿಗೆ ದುಡ್ಡು ಸುರಿಯಬೇಡಿ. ಅದರಿಂದ ಇಳಿಯುವುದು ಬೆವರಿನ ನೀರು, ನೀರು ಕುಡಿದರೆ ತೂಕ ವಾಪಸ್.

ಹಂತ 2: ಡೆಡ್ ಬಗ್

ಅಂಗಾತ ಮಲಗಿ ಕೈಗಳನ್ನು ಮೇಲಕ್ಕೆ ಚಾಚಿ, ಮಂಡಿಗಳನ್ನು ಸೊಂಟದ ನೇರಕ್ಕೆ ಎತ್ತಿ ಮಡಚಿ. ಬಲಗೈ, ಎಡಗಾಲು ನಿಧಾನವಾಗಿ ನೆಲದ ಕಡೆ ಚಾಚಿ, ಉಸಿರು ಬಿಡುತ್ತಾ. ವಾಪಸ್ ತಂದು ಇನ್ನೊಂದು ಕಡೆ. ಸೊಂಟದ ಹಿಂಭಾಗ ನೆಲ ಬಿಟ್ಟು ಮೇಲೆದ್ದಿತೋ, ಅಲ್ಲಿಗೆ ನಿಲ್ಲಿಸಿ. ಕಾಲು ಅರ್ಧ ದೂರ ಹೋದರೂ ಪರವಾಗಿಲ್ಲ, ಬೆನ್ನು ಕದಲಬಾರದು. ಗಡಿಬಿಡಿಯಲ್ಲಿ ಇಪ್ಪತ್ತು ಮಾಡುವುದಕ್ಕಿಂತ ನಿಧಾನವಾಗಿ ಆರು ಮಾಡುವುದು ಎಷ್ಟೋ ಮೇಲು.

ಹಂತ 3: ಬರ್ಡ್ ಡಾಗ್, ಸೈಡ್ ಪ್ಲ್ಯಾಂಕ್

ಬರ್ಡ್ ಡಾಗ್ ಅಂದರೆ ಕೈ, ಮಂಡಿ ಊರಿ ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ಚಾಚುವುದು. ಸೈಡ್ ಪ್ಲ್ಯಾಂಕ್ ಅಂದರೆ ಪಕ್ಕಕ್ಕೆ ಮಲಗಿ ಒಂದು ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು. ಒಂದನೇ ಹಂತ ಬಂದವರಿಗೆ ಇವು ಕಷ್ಟವಲ್ಲ. ಬೆನ್ನುಮೂಳೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಕೆನಡಾದ ಸ್ಟುವರ್ಟ್ ಮೆಗಿಲ್ ಹೇಳುವಂತೆ ಸುಮಾರು 10 ಸೆಕೆಂಡ್ ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ. ಸಾಮಾನ್ಯ ಪ್ಲ್ಯಾಂಕ್‌ಗೂ ನನ್ನ ಲೆಕ್ಕ ಇದೇ. ನಿಮಿಷಗಟ್ಟಲೆ ನಿಲ್ಲುವ ಪೈಪೋಟಿ ಬೇಡವೇ ಬೇಡ. ಅಂಗಾತ ಮಲಗಿ ತಲೆ, ಭುಜ ಎತ್ತುವ ಕ್ರಂಚಸ್ ಅನ್ನು ದಿನಾ ನೂರು ಹೊಡೆಯುವುದನ್ನೂ ಬಿಟ್ಟುಬಿಡಿ. ಆಟದಲ್ಲಿ ಕೋರ್‌ನ ಮುಖ್ಯ ಕೆಲಸ ಬೆನ್ನು ಬಾಗದಂತೆ, ತಿರುಚದಂತೆ ತಡೆಯುವುದು, ಅಲ್ವಾ? ಮತ್ತೆ ಮತ್ತೆ ಬಾಗಿಸಿ ಏನು ಕಲಿಸುತ್ತೀರಿ?

ಹಂತ 4: ಎದ್ದು ನಿಲ್ಲಿ

ಇದನ್ನು ಬಿಡುವವರೇ ಜಾಸ್ತಿ. ಹೆಚ್ಚಿನ ಆಟ ನಿಂತೇ ಆಡುವಂಥದ್ದು. ಒಂದೇ ಕೈಯಲ್ಲಿ ಡಂಬೆಲ್ ಹಿಡಿದು, ಪಕ್ಕಕ್ಕೆ ವಾಲದೆ ನೇರವಾಗಿ ನಡೆಯಿರಿ. ಕೈ ಬದಲಿಸಿ ವಾಪಸ್ ಬನ್ನಿ. ಓಟಗಾರರಿಗೆ ನಾನು ಒಂದೇ ಒಂದು ವ್ಯಾಯಾಮ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ. ಅಲುಗಾಡುವ ಹಲಗೆ, ದೊಡ್ಡ ಚೆಂಡಿನ ಮೇಲೆ ನಿಂತು ಸರ್ಕಸ್ ಮಾಡುವ ಅಗತ್ಯವಿಲ್ಲ. ಗಟ್ಟಿ ನೆಲದ ಮೇಲೆ ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡುವಾಗಲೂ ಕೋರ್‌ಗೆ ಚೆನ್ನಾಗಿ ಕೆಲಸ ಸಿಗುತ್ತದೆ.

ವಾರಕ್ಕೆ ಮೂರು ದಿನ, ಹದಿನೈದು ನಿಮಿಷ ಸಾಕು. ಭಾರ ಎತ್ತುವ ದಿನ ಇದನ್ನು ಕೊನೆಗೆ ಇಟ್ಟುಕೊಳ್ಳಿ, ಸುಸ್ತಾದ ನಡುವಿನೊಂದಿಗೆ ಬಾರ್‌ಬೆಲ್ ಮುಟ್ಟಬಾರದು. ಕೋರ್ ಒಂದರಿಂದಲೇ ಓಟದ ವೇಗ ಹೆಚ್ಚುವುದಿಲ್ಲ, ಓಟದ ಅಭ್ಯಾಸ ನಡೆಯುತ್ತಲೇ ಇರಬೇಕು. ಹೊಟ್ಟೆ ನಡುಗಿದರೆ, ಉರಿದರೆ ಹೆದರಬೇಡಿ. ಆದರೆ ಬೆನ್ನಿನಲ್ಲಿ ಚುಚ್ಚುವ ನೋವು ಬಂದರೆ, ಅಥವಾ ಕಾಲಿಗೆ ಇಳಿಯುವ ಜೋಮು ಕಾಣಿಸಿದರೆ ಅಂದೇ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.